ಅಧಿಕಾರ ಹಂಚಿಕೆಯಾಯಿತು, ದುಡಿಮೆ ಹಂಚಿಕೆಯಾಗಲಿಲ್ಲ: ಫೆಡಿವರ್ಸ್‌ನ ಬೆಳವಣಿಗೆಯ ಸಂಕಟಗಳು

ಕಿರುಸರ್ವರ್ (ಚರ್ಚೆ ಆರಂಭಿಸಿದವರು):

2022ರ ಅಕ್ಟೋಬರ್ ಕೊನೆಯಲ್ಲಿ ಇಲಾನ್ ಮಸ್ಕ್ 4,400 ಕೋಟಿ ಡಾಲರ್ ಕೊಟ್ಟು ಟ್ವಿಟರನ್ನು ಕೊಂಡುಕೊಂಡ ಬಳಿಕ, ತಿಂಗಳಿಗೆ ಕೆಲವು ಲಕ್ಷ ಜನರಷ್ಟೇ ಬಳಸುತ್ತಿದ್ದ, ಟ್ವಿಟರಿನಂತೆಯೇ ಕಿರುಬರಹಗಳನ್ನು ಹಂಚಿಕೊಳ್ಳುವ ಮಾಸ್ಟೊಡಾನ್ ಜಾಲಕ್ಕೆ ಒಂದೆರಡು ತಿಂಗಳೊಳಗೆ ಸುಮಾರು 25 ಲಕ್ಷ ಜನ ಬಂದರು. ಮರುವರ್ಷದಲ್ಲಿ ಅವರಲ್ಲಿ ದೊಡ್ಡ ಪಾಲು ಬಂದ ದಾರಿ ಹಿಡಿದು ಹೊರಟುಹೋಯಿತು. ಏಕೆ ಹೋದರು ಎಂದು ಕೇಳಿದರೆ ಸಾಮಾನ್ಯವಾಗಿ ಸಿಗುವ ಉತ್ತರ ಎರಡು: ಯಾವ ಸರ್ವರ್ ಸೇರಬೇಕೆಂದು ತಿಳಿಯಲಿಲ್ಲ, ಪರಿಚಯದವರು ಯಾರೂ ಅಲ್ಲಿರಲಿಲ್ಲ. ಎರಡೂ ನಿಜವೇ. ಆದರೆ ಒಂದು ಚಿಕ್ಕ ಸರ್ವರನ್ನು ನಡೆಸುತ್ತಿರುವವನಾಗಿ ನನಗೆ ಕಾಣುವ ಮುಖ್ಯ ಕಾರಣ ಬೇರೆ. ಕೇಂದ್ರವಿಲ್ಲದ ಈ ಜಾಲ ಅಧಿಕಾರವನ್ನು ಹಂಚಿತು, ದುಡಿಮೆಯನ್ನು ಹಂಚಲಿಲ್ಲ. ದೊಡ್ಡ ಕಂಪನಿಯೊಂದರಲ್ಲಿ ನೂರಾರು ಜನ ಮಾಡುವ ಕೆಲಸದ ಪೂರ್ತಿ ಪಟ್ಟಿಯನ್ನು ಪ್ರತಿಯೊಂದು ಪುಟ್ಟ ಸರ್ವರಿನ ಕೈಗೂ ಇಟ್ಟಿತು.

ಹೊಸಬರಿಗಾಗಿ ಎರಡು ಮಾತು. 2016ರಲ್ಲಿ ಜರ್ಮನಿಯ ಯೂಜೆನ್ ರೊಚ್ಕೊ ಮಾಸ್ಟೊಡಾನನ್ನು ಹೊರತಂದರು. 2018ರ ಜನವರಿಯಲ್ಲಿ ವೆಬ್‌ನ ಮಾನದಂಡಗಳನ್ನು ರೂಪಿಸುವ ಡಬ್ಲ್ಯು3ಸಿ ಸಂಸ್ಥೆಯ ಒಪ್ಪಿಗೆ ಪಡೆದ ಆಕ್ಟಿವಿಟಿಪಬ್ ಎಂಬ ಪ್ರೋಟೋಕಾಲಿನ ಮೂಲಕ ಸಾವಿರಾರು ಸ್ವತಂತ್ರ ಸರ್ವರ್‌ಗಳು ಪರಸ್ಪರ ಮಾತನಾಡುತ್ತವೆ, ಮತ್ತು ಈ ಒಟ್ಟು ಜಾಲಕ್ಕೆ ಫೆಡಿವರ್ಸ್ ಎನ್ನುತ್ತಾರೆ. ಇಷ್ಟು ಎಲ್ಲರೂ ಹೇಳುತ್ತಾರೆ. ಆ ಮಾತುಕತೆಗೆ ಏನು ಖರ್ಚಾಗುತ್ತದೆ ಎಂಬುದನ್ನು ಹೇಳುವವರು ಕಡಿಮೆ.

ನನ್ನ ಸರ್ವರಿನಲ್ಲಿರುವ ಲೇಖಕಿಯೊಬ್ಬರನ್ನು ಆರುನೂರು ಬೇರೆ ಬೇರೆ ಸರ್ವರ್‌ಗಳಲ್ಲಿರುವ ಓದುಗರು ಅನುಸರಿಸುತ್ತಿದ್ದಾರೆ ಎಂದಿಟ್ಟುಕೊಳ್ಳಿ. ಅವರು ಒಂದು ಸಾಲು ಬರೆದು ಪ್ರಕಟಿಸಿದ ಕೂಡಲೇ ಆರುನೂರು ರವಾನೆಗಳು ಸೈಡ್‌ಕಿಕ್ ಎಂಬ ತಂತ್ರಾಂಶದ ಸರತಿಯಲ್ಲಿ ನಿಲ್ಲುತ್ತವೆ. ಒಂದೊಂದಕ್ಕೂ ಡಿಜಿಟಲ್ ಸಹಿ ಬೀಳಬೇಕು, ಆಚೆಯ ಸರ್ವರ್ ಉತ್ತರಿಸುವವರೆಗೆ ಕಾಯಬೇಕು, ಅದು ಕೆಟ್ಟು ನಿಂತಿದ್ದರೆ ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಪ್ರಯತ್ನಿಸಬೇಕು. ಇತ್ತ ಒಳಬರುವ ಪ್ರತಿ ಪೋಸ್ಟಿನ ಚಿತ್ರವೂ ವಿಡಿಯೊವೂ ನಮ್ಮ ಡಿಸ್ಕಿನಲ್ಲಿ ನಕಲಾಗಿ ಕೂರುತ್ತವೆ. ಹಳೆಯ ನಕಲುಗಳನ್ನು ಆಗಾಗ ಅಳಿಸದಿದ್ದರೆ, ಬೆರಳೆಣಿಕೆಯ ಜನರಿರುವ ಸರ್ವರ್ ಕೂಡ ಎಂದೂ ಕಂಡಿರದ ಅಪರಿಚಿತರ ಫೋಟೊಗಳಿಂದ ತುಂಬಿಹೋಗುತ್ತದೆ. 2022ರ ನವೆಂಬರಿನಲ್ಲಿ ಎಷ್ಟೋ ಕಡೆ ಪೋಸ್ಟುಗಳು ಗಂಟೆಗಟ್ಟಲೆ ತಡವಾಗಿ ತಲುಪಿದ್ದು ಇದರಿಂದ. ಬರೆದದ್ದು ಕಳೆದುಹೋಗಿರಲಿಲ್ಲ, ಸರತಿಯಲ್ಲಿ ನಿಂತಿತ್ತು. ಆದರೆ ಅಂದಷ್ಟೇ ಸೇರಿದವರಿಗೆ ಇಲ್ಲಿ ಯಾರೂ ಉತ್ತರಿಸುವುದಿಲ್ಲ ಎನ್ನಿಸಲು ಅದೇ ಸಾಕಾಯಿತು.

ಹ್ಯಾಕಿಡರ್ಮ್ ಎಂಬ ಸರ್ವರಿನ ಕಥೆ ನಿಮ್ಮಲ್ಲಿ ಕೆಲವರಿಗೆ ತಿಳಿದಿರಬಹುದು. ಅಮೆರಿಕದ ತಂತ್ರಜ್ಞೆ ಕ್ರಿಸ್ ನೋವಾ ತಮ್ಮ ಮನೆಯ ನೆಲಮಾಳಿಗೆಯಲ್ಲಿದ್ದ ಯಂತ್ರಗಳಲ್ಲಿ ಅದನ್ನು ನಡೆಸುತ್ತಿದ್ದರು. ಸಾವಿರಕ್ಕಿಂತ ಕಡಿಮೆ ಇದ್ದ ಸದಸ್ಯರು ಆ ಒಂದು ತಿಂಗಳಲ್ಲಿ 30,000ದ ಹತ್ತಿರ ಬಂದರು. ಡಿಸ್ಕುಗಳು ಕೈಕೊಟ್ಟವು, ಎಲ್ಲವನ್ನೂ ಜರ್ಮನಿಯ ಹೆಟ್ಜ್ನರ್ ಡೇಟಾ ಕೇಂದ್ರಕ್ಕೆ ಸಾಗಿಸಬೇಕಾಯಿತು. ಆ ಕೆಲಸವನ್ನು ಮಾಡಿ ಮುಗಿಸಿದವರು ದೊಡ್ಡ ವ್ಯವಸ್ಥೆಗಳನ್ನು ಕಟ್ಟುವುದನ್ನೇ ವೃತ್ತಿಯಾಗಿಸಿಕೊಂಡಿದ್ದವರು. ಅಂಥವರಿಲ್ಲದ ಸರ್ವರ್‌ಗಳಲ್ಲಿ ಏನಾಗಬಹುದಿತ್ತು ಎಂದು ಯೋಚಿಸಿ.

ಹಳೆಯಮೇಲ್:

ಕಿರುಸರ್ವರ್ ಅವರೇ, ಖರ್ಚಿನ ಲೆಕ್ಕವನ್ನು ಒಪ್ಪುತ್ತೇನೆ, ಆದರೆ ಇದನ್ನು ಫೆಡಿವರ್ಸ್‌ನ ವಿಶೇಷ ಕಾಯಿಲೆ ಎನ್ನಲು ನಾನು ಸಿದ್ಧನಿಲ್ಲ. ಇಮೇಲ್ ಕೂಡ ಕೇಂದ್ರವಿಲ್ಲದ ವ್ಯವಸ್ಥೆಯಾಗಿಯೇ ಹುಟ್ಟಿತು. ಸ್ಪ್ಯಾಮ್ ಹೆಚ್ಚಾದಂತೆ ಅದನ್ನು ತಡೆಯುವ ಹೊರೆ ಬೆಳೆಯಿತು, ಆ ಹೊರೆ ತಾಳಲಾರದವರು ಬಾಗಿಲು ಹಾಕಿದರು, ಉಳಿದವರೆಲ್ಲ ನಾಲ್ಕೈದು ದೊಡ್ಡ ಕಂಪನಿಗಳ ಮನೆ ಸೇರಿದರು. ಇವತ್ತು ಸ್ವಂತ ಮೇಲ್ ಸರ್ವರ್ ನಡೆಸುವವರ ಪತ್ರ ಜಿಮೇಲಿನ ಕಸದ ಬುಟ್ಟಿಗೆ ಬಿದ್ದರೆ ಕೇಳುವವರಿಲ್ಲ. ಫೆಡಿವರ್ಸ್ ಕೂಡ ಅದೇ ದಾರಿಯಲ್ಲಿದೆ ಎಂಬುದು ನನ್ನ ಅನುಮಾನ, ಮಾಸ್ಟೊಡಾನ್.ಸೋಷಿಯಲ್ ಎಂಬ ಒಂದೇ ಸರ್ವರಿನ ಗಾತ್ರ ನೋಡಿ ಸಾಕು.

ಇನ್ನೊಂದು ಸಂಗತಿಯನ್ನೂ ಮರೆಯಬಾರದು. ಯೂಸ್‌ನೆಟ್ ಎಂಬ ಹಳೆಯ ಚರ್ಚಾ ಜಾಲದಲ್ಲಿ ಪ್ರತಿ ಸೆಪ್ಟೆಂಬರಿಗೆ ಕಾಲೇಜಿನ ಹೊಸ ವಿದ್ಯಾರ್ಥಿಗಳು ಬರುತ್ತಿದ್ದರು, ಒಂದೆರಡು ತಿಂಗಳಲ್ಲಿ ಅಲ್ಲಿನ ರೀತಿನೀತಿ ಕಲಿಯುತ್ತಿದ್ದರು. 1993ರ ಬಳಿಕ ಎಒಎಲ್‌ನಂಥ ಇಂಟರ್ನೆಟ್ ಸೇವೆಗಳ ಗ್ರಾಹಕರು ಎಡೆಬಿಡದೆ ಬರತೊಡಗಿದಾಗ ಕಲಿಸುವವರಿಗಿಂತ ಕಲಿಯಬೇಕಾದವರೇ ಹೆಚ್ಚಾದರು. 2022ರಲ್ಲಿಯೂ ಆದದ್ದು ಇದೇ, ಆದರೆ ತಪ್ಪೆಲ್ಲ ಹೊಸಬರದಾಗಿರಲಿಲ್ಲ. ವರ್ಣಭೇದದ ಅನುಭವವನ್ನು ಬರೆದ ಅಮೆರಿಕದ ಕಪ್ಪು ಜನರಿಗೆ, ಅದನ್ನು ಎಚ್ಚರಿಕೆಯ ಪರದೆಯ ಹಿಂದೆ ಮುಚ್ಚಿಡಿ ಎಂದು ಹಳಬರು ಬುದ್ಧಿ ಹೇಳಿದರು. ತಮ್ಮ ಬದುಕಿನ ಮಾತನ್ನು ಅಹಿತಕರ ವಸ್ತುವಿನಂತೆ ಮರೆಮಾಡಬೇಕೆಂದರೆ ಯಾರು ತಾನೇ ಉಳಿದಾರು? ಸಂಪ್ರದಾಯ ಕಾಯುವ ಹೆಸರಿನಲ್ಲಿ ಹೊಸಬರನ್ನು ಹೊರಗೆ ನಿಲ್ಲಿಸುವ ಈ ಚಾಳಿ ನಮಗೆ ಅಪರಿಚಿತವೇನಲ್ಲ.

ಮ್ಯೂನಿಕ್‌ಕನ್ನಡತಿ:

ನಾನು ಯುರೋಪಿನ ಒಂದು ಮಧ್ಯಮ ಗಾತ್ರದ ಸರ್ವರಿನಲ್ಲಿ ಸ್ವಯಂಸೇವೆಯಾಗಿ ದೂರುಗಳನ್ನು ನೋಡುತ್ತೇನೆ, ಆದ್ದರಿಂದ ದುಡಿಮೆ ಎಂಬ ಮಾತಿಗೆ ಒಂದಿಷ್ಟು ವಿವರ ಸೇರಿಸಬಲ್ಲೆ.

ದೂರು ತೆರೆದರೆ ಕಾಣುವುದು ಇಷ್ಟೇ: ಯಾರ ಮೇಲೆ ದೂರು, ಯಾವ ಪೋಸ್ಟು, ದೂರು ಕೊಟ್ಟವರು ಬರೆದ ಒಂದೆರಡು ಸಾಲು, ಕೆಳಗೆ ನಾಲ್ಕಾರು ಗುಂಡಿಗಳು. ಒಮ್ಮೆ ಕನ್ನಡದ ಖಾತೆಯೊಂದರ ಮೇಲೆ ದೂರು ಬಂತು. ಪೋಸ್ಟಿನಲ್ಲಿ ಊರಹಬ್ಬದ ಫೋಟೊ, ಅದರ ಕೆಳಗೆ ಒಂದು ಕೇರಿಯ ಹೆಸರು ಮತ್ತು ನಗುವ ಎಮೋಜಿ. ನನ್ನ ಜೊತೆಗಾರರಿಗೆ ಅದು ಹಬ್ಬದ ಸಂಭ್ರಮವಾಗಿ ಕಂಡಿತು; ದೂರನ್ನು ಮುಚ್ಚುವುದರಲ್ಲಿದ್ದರು. ಆ ಕೇರಿಯವರನ್ನು ತೇರಿನ ಹತ್ತಿರ ಬಿಟ್ಟುಕೊಳ್ಳದ್ದನ್ನು ಆಡಿಕೊಂಡು ನಗುವ ಪೋಸ್ಟು ಅದು ಎಂದು ಅವರಿಗೆ ಮನವರಿಕೆ ಮಾಡಿಸಲು ನಾನು ಒಂದು ಪುಟದಷ್ಟು ಬರೆಯಬೇಕಾಯಿತು. ನಾನು ನೋಡಿರುವ ಬಹುತೇಕ ಸರ್ವರ್‌ಗಳ ನಿಯಮಗಳಲ್ಲಿ ವರ್ಣ, ಲಿಂಗ, ಧರ್ಮದ ಮಾತಿದೆ, ಜಾತಿಯ ಮಾತಿಲ್ಲ. ದುರುದ್ದೇಶದಿಂದ ಬಿಟ್ಟದ್ದಲ್ಲ, ಬರೆದವರಿಗೆ ಅದರ ಅಗತ್ಯವೇ ಹೊಳೆದಿರುವುದಿಲ್ಲ.

2019ರ ನವೆಂಬರನ್ನು ನೆನಪಿಸಿಕೊಳ್ಳಿ. ಸುಪ್ರೀಂ ಕೋರ್ಟಿನ ಹಿರಿಯ ವಕೀಲ ಸಂಜಯ್ ಹೆಗ್ಡೆ ಅವರ ಖಾತೆಯನ್ನು ಟ್ವಿಟರ್ ಅಮಾನತು ಮಾಡಿದಾಗ ಭಾರತದಿಂದ ದೊಡ್ಡ ಗುಂಪೊಂದು ಮಾಸ್ಟೊಡಾನಿಗೆ ಬಂತು. ಜಾತಿಯ ಜಗಳ, ಕೋಮಿನ ಜಗಳ ಎಲ್ಲವೂ ಜೊತೆಯಲ್ಲೇ ಬಂದವು, ಆದರೆ ಅವುಗಳನ್ನು ಅರಿತು ನಿಭಾಯಿಸಬಲ್ಲ ನಿರ್ವಾಹಕರು ಎಷ್ಟು ಸರ್ವರ್‌ಗಳಲ್ಲಿದ್ದರು? ಅಲೆ ಬಂದಷ್ಟೇ ಬೇಗ ಇಳಿಯಿತು.

ಇದಕ್ಕಿಂತ ಕಷ್ಟದ ಕೆಲಸವೂ ಇದೆ. 2023ರ ಜುಲೈನಲ್ಲಿ ಸ್ಟ್ಯಾನ್‌ಫರ್ಡ್ ಇಂಟರ್ನೆಟ್ ಅಬ್ಸರ್ವೇಟರಿಯವರು ಎರಡು ದಿನಗಳ ಅವಧಿಯಲ್ಲಿ ಮಾಸ್ಟೊಡಾನಿನ ಸುಮಾರು 3,25,000 ಪೋಸ್ಟುಗಳನ್ನು ಪರಿಶೀಲಿಸಿ, ಮಕ್ಕಳ ಲೈಂಗಿಕ ಶೋಷಣೆಯದೆಂದು ಮೊದಲೇ ಗುರುತಾಗಿದ್ದ 112 ಚಿತ್ರಗಳನ್ನು ಅವುಗಳಲ್ಲಿ ಪತ್ತೆಹಚ್ಚಿದರು. ಅಂಥದ್ದನ್ನು ತಾನಾಗಿ ಹಿಡಿಯುವ ಉಪಕರಣಗಳು ದೊಡ್ಡ ಕಂಪನಿಗಳ ಅಳತೆಗೆ ರೂಪುಗೊಂಡವು. ಕಿರುಸರ್ವರ್ ಅವರು ಹೇಳಿದ ಡಿಸ್ಕಿನ ನಕಲುಗಳನ್ನು ಇದರ ಜೊತೆಗಿಟ್ಟು ನೋಡಿ: ಬೇರೆಲ್ಲೋ ಹಾಕಿದ ಚಿತ್ರ ನಿಮ್ಮ ಯಂತ್ರದಲ್ಲಿ ನಿಮಗೆ ತಿಳಿಯದೆಯೇ ಕುಳಿತಿರಬಹುದು. ರಾತ್ರಿ ಊಟ ಮುಗಿಸಿ ಲ್ಯಾಪ್‌ಟಾಪ್ ತೆರೆಯುವ ಸ್ವಯಂಸೇವಕರು ಎಂಥ ಭಾರ ಹೊರುತ್ತಾರೆ ಎಂಬುದನ್ನು, ಸ್ವಾತಂತ್ರ್ಯದ ಬಗ್ಗೆ ಭಾಷಣ ಮಾಡುವವರು ಸ್ವಲ್ಪ ತಿಳಿದುಕೊಂಡರೆ ಒಳ್ಳೆಯದು.

ಪಡಸಾಲೆ:

ಭಾರ ಹೆಚ್ಚೆಂದು ಸಂಪರ್ಕವನ್ನೇ ಕಡಿದುಕೊಂಡರೆ? 2023ರ ಜೂನ್‌ನಲ್ಲಿ ರೆಡ್ಡಿಟ್ ಎಂಬ ಚರ್ಚಾತಾಣ ಹೊರಗಿನ ಆ್ಯಪ್‌ಗಳಿಗೆ ಹಾಕಿದ ಎಪಿಐ ಶುಲ್ಕದ ಮೇಲಿನ ಸಿಟ್ಟಿನಿಂದ ಜನ ಫೆಡಿವರ್ಸ್‌ನದೇ ಚರ್ಚಾತಾಣವಾದ ಲೆಮ್ಮಿಗೆ ಬಂದಾಗ, ಅಲ್ಲಿನ ಬೀಹಾ ಸರ್ವರ್ ಲೆಮ್ಮಿ.ವರ್ಲ್ಡ್ ಸೇರಿದಂತೆ ಎರಡು ದೊಡ್ಡ ಸರ್ವರ್‌ಗಳ ಸಂಪರ್ಕವನ್ನು ಒಂದೇಟಿಗೆ ಕಡಿಯಿತು. ಯಾರು ಬೇಕಾದರೂ ಸೇರಬಹುದಾದ ಆ ಸರ್ವರ್‌ಗಳಿಂದ ಬರುತ್ತಿದ್ದ ಕಿರುಕುಳವನ್ನು ನಾಲ್ವರು ನಿರ್ವಾಹಕರು ತಡೆಯಲಾರೆವು ಎಂಬುದು ಕಾರಣ. ಕಾರಣ ಸರಿಯಾಗಿಯೇ ಇತ್ತು. ಆದರೆ ಯಾವ ತಪ್ಪೂ ಮಾಡದ ಸಾವಿರಾರು ಜನ ಬೆಳಗಾಗುವುದರೊಳಗೆ ತಮ್ಮ ಮೆಚ್ಚಿನ ಚರ್ಚೆಗಳಿಂದ ಹೊರಬಿದ್ದರು. ಕಂಪನಿಯೊಂದು ನನ್ನ ಖಾತೆಯನ್ನು ಮುಚ್ಚಿದರೆ ಅದು ಅನ್ಯಾಯ, ಅಪರಿಚಿತ ನಿರ್ವಾಹಕರೊಬ್ಬರು ನನ್ನ ಇಡೀ ಸರ್ವರನ್ನೇ ಮುಚ್ಚಿದರೆ ಅದು ಸ್ವಯಮಾಡಳಿತ ಎನ್ನುವುದಾದರೆ, ಎರಡರಲ್ಲಿ ನನ್ನಂಥ ಸಾಮಾನ್ಯ ಬಳಕೆದಾರರಿಗೆ ಕಾಣುವ ವ್ಯತ್ಯಾಸವೇನು?

ಕಿರುಸರ್ವರ್:

ಪಡಸಾಲೆ ಅವರೇ, ವ್ಯತ್ಯಾಸವಿದೆ. ಬೀಹಾದಿಂದ ಹೊರಬಿದ್ದವರಿಗೆ ಇನ್ನೊಂದು ಸರ್ವರಿನಲ್ಲಿ ಖಾತೆ ತೆರೆದು ಆ ಚರ್ಚೆಗಳಿಗೆ ಮರಳುವ ದಾರಿ ಇತ್ತು. ದಾರಿ ಸಲೀಸಾಗಿತ್ತು ಎಂದು ಮಾತ್ರ ನಾನು ಹೇಳಲಾರೆ. ಮಾಸ್ಟೊಡಾನಿನಲ್ಲಿ ಮನೆ ಬದಲಿಸಿದರೆ ಅನುಸರಿಸುವವರು ಹಿಂದೆಯೇ ಬರುತ್ತಾರೆ, ಬರೆದದ್ದು ಬರುವುದಿಲ್ಲ. ವರ್ಷಗಟ್ಟಲೆಯ ಬರಹ ಹಳೆಯ ಸರ್ವರಿನಲ್ಲೇ ಉಳಿಯುತ್ತದೆ. ಅನುಸರಿಸುವವರನ್ನು ಕರೆತರಲು ಕೂಡ ಹಳೆಯ ಸರ್ವರ್ ಬದುಕಿರಬೇಕು. 2023ರಲ್ಲಿ ವಿಲೆಮ್ಮಿ ಎಂಬ ಸರ್ವರ್ ಯಾವ ಮುನ್ಸೂಚನೆಯೂ ಇಲ್ಲದೆ ಮಾಯವಾದಾಗ ಅಲ್ಲಿದ್ದವರಿಗೆ ಗಂಟುಮೂಟೆ ಕಟ್ಟುವ ಅವಕಾಶವೂ ಸಿಗಲಿಲ್ಲ. 2024ರ ಫೆಬ್ರುವರಿಯಲ್ಲಿ ಕ್ವಿಯರ್.ಎಎಫ್ ಎಂಬ ಸರ್ವರಿನ ವಿಳಾಸವನ್ನು, ಎಎಫ್ ಎಂಬುದು ಅಫ್ಘಾನಿಸ್ತಾನದ ಡೊಮೈನ್ ಆದ ಕಾರಣ, ತಾಲಿಬಾನ್ ಸರ್ಕಾರ ಕಿತ್ತುಕೊಂಡಿತು. ಚೆಂದ ಕಾಣುತ್ತದೆಂದು ಆರಿಸಿಕೊಂಡ ಎರಡಕ್ಷರ ಸಮುದಾಯದ ಮನೆಯನ್ನೇ ತೆಗೆದುಕೊಂಡು ಹೋಯಿತು.

ನಮ್ಮಲ್ಲಿ ಕೆಲವರು ಇಂಥ ಉದಾಹರಣೆ ಕೇಳಿದೊಡನೆ ಕೇಂದ್ರೀಕೃತ ಸೇವೆಯೇ ಭದ್ರ ಎನ್ನುತ್ತಾರೆ. ಟ್ವಿಟರಿನಂಥದೇ ಆದ ಬೆಂಗಳೂರಿನ ಕೂ 2020ರಲ್ಲಿ ಕನ್ನಡದಿಂದಲೇ ಶುರುವಾಯಿತು, ಸಾಕಷ್ಟು ಬಂಡವಾಳವನ್ನೂ ಎತ್ತಿತು, 2024ರ ಜುಲೈನಲ್ಲಿ ಮುಚ್ಚಿತು. ಅಲ್ಲಿ ಕನ್ನಡದಲ್ಲಿ ಬರೆದವರಿಗೆ ಅಕ್ಕಪಕ್ಕದ ಸರ್ವರ್ ಎಂಬುದೇ ಇರಲಿಲ್ಲ.

ನೀಲಿಬಾನು:

ಇಷ್ಟು ಹೊತ್ತಿನ ಚರ್ಚೆಯಲ್ಲಿ, ಟ್ವಿಟರಿನಂಥದೇ ಇನ್ನೊಂದು ಜಾಲವಾದ ಬ್ಲೂಸ್ಕೈ ಹೆಸರು ಬಾರದಿರುವುದು ಆಶ್ಚರ್ಯ. ನೀವು ಹೇಳುತ್ತಿರುವ ಎರಡು ದೊಡ್ಡ ತೊಂದರೆಗಳಿಗೆ ಅಲ್ಲಿ ಉತ್ತರವಿದೆ. ಒಂದು, ಖಾತೆಯ ಗುರುತು ಸರ್ವರಿಗೆ ಅಂಟಿಕೊಂಡಿಲ್ಲ. ಬೇರೆ ಸರ್ವರಿಗೆ ಹೋದರೆ ಬರೆದ ಪೋಸ್ಟುಗಳೂ ಜೊತೆಗೆ ಹೋಗುತ್ತವೆ. ಇನ್ನೊಂದು, ಮಾಡರೇಷನ್, ಅಂದರೆ ಪೋಸ್ಟುಗಳ ಮೇಲೆ ಕಣ್ಣಿಟ್ಟು ಕೆಟ್ಟದ್ದನ್ನು ತಡೆಯುವುದು, ಸರ್ವರಿನಿಂದ ಬೇರೆಯಾದ ಕೆಲಸ. ಯಾರಾದರೂ ಪೋಸ್ಟುಗಳಿಗೆ ಎಚ್ಚರಿಕೆಯ ಲೇಬಲ್ ಹಚ್ಚುವ ಸೇವೆ ನಡೆಸಬಹುದು, ಬೇಕಾದವರು ಅದಕ್ಕೆ ಚಂದಾದಾರರಾಗಬಹುದು. ಮ್ಯೂನಿಕ್‌ಕನ್ನಡತಿ ಅವರು ಹೇಳಿದ ಜಾತಿ ನಿಂದನೆಯನ್ನು ಗುರುತಿಸಬಲ್ಲ ಕನ್ನಡಿಗರ ಗುಂಪೊಂದು, ಸರ್ವರ್ ನಡೆಸುವ ಗೋಜಿಲ್ಲದೆ, ಬರೀ ಲೇಬಲ್ ಹಚ್ಚುವ ಕೆಲಸವನ್ನು ವಹಿಸಿಕೊಳ್ಳಬಹುದು. ಕಿರುಸರ್ವರ್ ಅವರು ಕೇಳುತ್ತಿರುವ ದುಡಿಮೆಯ ಹಂಚಿಕೆ ಎಂದರೆ ಇದೇ ಅಲ್ಲವೇ?

ಹಳೆಯಮೇಲ್:

ಕಾಗದದ ಮೇಲೆ ಸೊಗಸಾಗಿದೆ. ಆದರೆ 2024ರ ನವೆಂಬರಿನಲ್ಲಿ ಬ್ಲೂಸ್ಕೈ 2 ಕೋಟಿ ಬಳಕೆದಾರರನ್ನು ದಾಟಿದ ವಾರದಲ್ಲಿ ಅದರ ಸುರಕ್ಷತಾ ತಂಡವೇ ಹೇಳಿಕೊಂಡದ್ದನ್ನು ನೆನಪಿಡಿ: 24 ಗಂಟೆಗಳಲ್ಲಿ 42,000ಕ್ಕೂ ಹೆಚ್ಚು ದೂರುಗಳು. 2023ರ ಇಡೀ ವರ್ಷ ಬಂದದ್ದು 3,60,000. ಆ ದೂರುಗಳನ್ನು ನೋಡಿದ್ದು ಹಂಚಿಹೋದ ಸಮುದಾಯವಲ್ಲ, ಒಂದು ಕಂಪನಿಯ ನೌಕರರು. ಖಾತೆಗಳಲ್ಲಿ ಬಹುಪಾಲು ಆ ಕಂಪನಿಯ ಯಂತ್ರಗಳಲ್ಲೇ ಇವೆ. ಇಡೀ ಜಾಲದ ಪೋಸ್ಟುಗಳನ್ನು ಒಟ್ಟುಗೂಡಿಸಿ ತೋರಿಸುವ ಭಾಗವನ್ನು ನಡೆಸುವುದು ಮನೆಮಟ್ಟದ ಕೆಲಸವಲ್ಲ. ಆಕ್ಟಿವಿಟಿಪಬ್ಬಿನ ಕರ್ತೃಗಳಲ್ಲೊಬ್ಬರಾದ ಕ್ರಿಸ್ಟೀನ್ ಲೆಮ್ಮರ್-ವೆಬ್ಬರ್ ಅದೇ ತಿಂಗಳು ಬ್ಲೂಸ್ಕೈ ನಿಜಕ್ಕೂ ಎಷ್ಟು ವಿಕೇಂದ್ರಿತ ಎಂದು ಕೇಳಿ ದೀರ್ಘವಾಗಿ ಬರೆದದ್ದು ಈ ಕಾರಣಕ್ಕೇ.

ನೀಲಿಬಾನು:

ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೂ ಕಪ್ಪು ಜನರ ಸಮುದಾಯಕ್ಕಾಗಿ ರೂಡಿ ಫ್ರೇಜರ್ ಶುರುಮಾಡಿದ ಬ್ಲ್ಯಾಕ್‌ಸ್ಕೈ ಅಲ್ಲಿಯೇ ಮೊದಲು ಆಯ್ದ ಪೋಸ್ಟುಗಳ ಫೀಡು, ಆಮೇಲೆ ಮಾಡರೇಷನ್, ಆಮೇಲೆ ಸ್ವಂತ ಸರ್ವರ್ ಎಂದು ಒಂದೊಂದೇ ಮೆಟ್ಟಿಲು ಹತ್ತಿತು. ಮಾಸ್ಟೊಡಾನಿನಲ್ಲಿ ಮೊದಲ ದಿನವೇ ಎಲ್ಲ ಮೆಟ್ಟಿಲನ್ನೂ ಒಟ್ಟಿಗೆ ಹತ್ತಬೇಕು. ನನ್ನ ವಾದ ಇಷ್ಟೇ.

ಕಟಕಟೆ:

ಕಾನೂನಿನ ಮಾತು ಯಾರೂ ಎತ್ತಲಿಲ್ಲ, ನಾನು ಎತ್ತುತ್ತೇನೆ. ಭಾರತದಲ್ಲಿ ಕುಳಿತು ಸರ್ವರ್ ನಡೆಸುವವರು ಐಟಿ ಕಾಯ್ದೆಯ ದೃಷ್ಟಿಯಲ್ಲಿ ಮಧ್ಯವರ್ತಿಗಳು. ಬೇರೆಯವರು ಬರೆದದ್ದಕ್ಕೆ ಹೊಣೆಯಾಗದಂತೆ 79ನೆಯ ಸೆಕ್ಷನ್ ಕೊಡುವ ರಕ್ಷಣೆ ಬೇಕೆಂದರೆ 2021ರ ನಿಯಮಗಳನ್ನು ಪಾಲಿಸಬೇಕು. 50 ಲಕ್ಷ ಬಳಕೆದಾರರ ಗಡಿ ದಾಟಿದ ವೇದಿಕೆಗಳಿಗೆ ಹೆಚ್ಚಿನ ಷರತ್ತುಗಳಿವೆ ಎಂಬುದನ್ನು ಕೇಳಿ, ಚಿಕ್ಕವರಿಗೆ ಏನೂ ಅನ್ವಯಿಸುವುದಿಲ್ಲ ಎಂದುಕೊಂಡವರು ಹಲವರಿದ್ದಾರೆ. ಹಾಗಿಲ್ಲ. ದೂರು ಅಧಿಕಾರಿಯ ಹೆಸರನ್ನು ಪ್ರಕಟಿಸುವುದು, ಗಡುವಿನೊಳಗೆ ದೂರಿಗೆ ಉತ್ತರಿಸುವುದು, ಆದೇಶ ಬಂದಾಗ ತೆಗೆದುಹಾಕುವುದು ಚಿಕ್ಕವರಿಗೂ ತಪ್ಪಿದ್ದಲ್ಲ.

ಪೋಸ್ಟುಗಳನ್ನು ತೆಗೆದುಹಾಕಲು ಸೂಚನೆ ಕಳಿಸುವ ಕೇಂದ್ರ ಸರ್ಕಾರದ ಸಹಯೋಗ್ ಪೋರ್ಟಲಿನ ವಿರುದ್ಧ ಎಕ್ಸ್ (ಹಿಂದಿನ ಟ್ವಿಟರ್) ಕಂಪನಿ ಕರ್ನಾಟಕ ಹೈಕೋರ್ಟಿಗೆ ಹೋಯಿತು, 2025ರ ಸೆಪ್ಟೆಂಬರಿನಲ್ಲಿ ಅರ್ಜಿ ವಜಾ ಆಯಿತು. ಆ ತೀರ್ಪಿನ ಸರಿತಪ್ಪು ಬೇರೆ ಚರ್ಚೆ. ಇಲ್ಲಿಗೆ ಬೇಕಾದ್ದು ಇದು: ಕಂಪನಿಗೆ ಹಿರಿಯ ವಕೀಲರನ್ನಿಟ್ಟು ವಾದಿಸುವ ಶಕ್ತಿಯಿತ್ತು. ಮನೆಯಿಂದ ಸರ್ವರ್ ನಡೆಸುವವರಿಗೆ ನೋಟಿಸು ಬಂದರೆ ವಾದಿಸುವುದಿರಲಿ, ಕಂಪನಿಗಿಂತ ಬೇಗ ಅಳಿಸಿ ಕೈತೊಳೆದುಕೊಳ್ಳುತ್ತಾರೆ. ಅವರನ್ನು ದೂಷಿಸುವಂತೆಯೂ ಇಲ್ಲ.

ಹೊರದೇಶದಲ್ಲಿದ್ದರೆ ಕ್ಷೇಮ ಎಂದೂ ತಿಳಿಯಬೇಡಿ. 2023ರ ಮೇ ತಿಂಗಳಲ್ಲಿ ಎಫ್‌ಬಿಐ ಕೊಲೆಕ್ಟಿವಾ ಎಂಬ ಮಾಸ್ಟೊಡಾನ್ ಸರ್ವರಿನ ನಿರ್ವಾಹಕರೊಬ್ಬರ ಮನೆಯನ್ನು ಸರ್ವರಿಗೆ ಸಂಬಂಧವೇ ಇಲ್ಲದ ಪ್ರಕರಣದಲ್ಲಿ ಶೋಧಿಸಿದಾಗ, ಗೂಢಲಿಪೀಕರಣವಿಲ್ಲದೆ ಇಟ್ಟಿದ್ದ ಡೇಟಾಬೇಸಿನ ಪ್ರತಿಯೂ ಎಫ್‌ಬಿಐ ಕೈಸೇರಿತು. ಮಾಸ್ಟೊಡಾನಿನ ಖಾಸಗಿ ಸಂದೇಶಗಳು ಬರೆದವರಿಗೂ ಓದುವವರಿಗೂ ಮಾತ್ರ ತೆರೆಯುವಂತೆ ಮುಚ್ಚಿದವಲ್ಲ. ಸರ್ವರ್ ಯಾರ ಕೈಯಲ್ಲಿದೆಯೋ ಅವರು ನೋಡಬಹುದು. ಇದನ್ನು ಸದಸ್ಯರಿಗೆ ಮೊದಲೇ ಹೇಳಿಬಿಡುವುದು ಪ್ರಾಮಾಣಿಕತೆ.

ಪಡಸಾಲೆ:

ಇಷ್ಟೆಲ್ಲ ಕೇಳಿದ ಮೇಲೆ ಒಂದು ನೇರ ಪ್ರಶ್ನೆ. ನಮ್ಮದು ಐವತ್ತು ಜನರೂ ಇಲ್ಲದ ಓದುಗರ ಬಳಗ, ಸದ್ಯ ವಾಟ್ಸಾಪ್ ಗುಂಪಿನಲ್ಲಿದೆ. ಬರೆದದ್ದೆಲ್ಲ ಅಲ್ಲಿ ಹೂತುಹೋಗುತ್ತದೆ ಎಂದು ಮಾಸ್ಟೊಡಾನಿಗೆ ಹೋಗುವ ಯೋಚನೆಯಿದೆ. ಸ್ವಂತ ಸರ್ವರ್ ಕಟ್ಟಬೇಕೇ, ಇರುವುದನ್ನು ಸೇರಬೇಕೇ?

ಕಿರುಸರ್ವರ್:

ಈಗಲೇ ಸ್ವಂತದ್ದು ಬೇಡ. ಇರುವ ಸರ್ವರ್ ಒಂದನ್ನು ಸೇರಿ, ಆದರೆ ಸದಸ್ಯರ ಸಂಖ್ಯೆ ನೋಡಿ ಆರಿಸಬೇಡಿ. ಅದರ ಪರಿಚಯ ಪುಟವನ್ನು ಓದಿ. ಮಾಸ್ಟೊಡಾನಿನ ಅಧಿಕೃತ ಪಟ್ಟಿಯಲ್ಲಿರುವ ಸರ್ವರ್‌ಗಳು ಒಂದು ಒಡಂಬಡಿಕೆಗೆ ಬದ್ಧವಾಗಿರಬೇಕು: ದಿನಕ್ಕೊಮ್ಮೆ ಬ್ಯಾಕಪ್, ವರ್ಣಭೇದ ಲಿಂಗಭೇದಗಳ ವಿರುದ್ಧ ಸಕ್ರಿಯ ಮಾಡರೇಷನ್, ತುರ್ತಿನಲ್ಲಿ ಸರ್ವರಿನೊಳಗೆ ಹೋಗಬಲ್ಲ ಕನಿಷ್ಠ ಇನ್ನೊಬ್ಬ ವ್ಯಕ್ತಿ, ಮುಚ್ಚುವುದಾದರೆ ಮೂರು ತಿಂಗಳ ಮುನ್ಸೂಚನೆ. ಇವುಗಳಲ್ಲಿ ಇನ್ನೊಬ್ಬ ವ್ಯಕ್ತಿಯ ಷರತ್ತು ಉಳಿದೆಲ್ಲಕ್ಕಿಂತ ದೊಡ್ಡದು ಎಂದು ನನ್ನ ಅಭಿಪ್ರಾಯ. ಹ್ಯಾಕಿಡರ್ಮ್ ಕಥೆಯನ್ನು ನಾನು ಅರ್ಧಕ್ಕೆ ನಿಲ್ಲಿಸಿದ್ದೆ. 2023ರ ಆಗಸ್ಟಿನಲ್ಲಿ ಕ್ರಿಸ್ ನೋವಾ ಪರ್ವತಾರೋಹಣದ ಅವಘಡದಲ್ಲಿ ತೀರಿಕೊಂಡರು. ಸರ್ವರ್ ನಿಲ್ಲಲಿಲ್ಲ. ಅಷ್ಟರೊಳಗೆ ಅಲ್ಲೊಂದು ಸ್ವಯಂಸೇವಕರ ತಂಡವೂ ನಿವೆನ್ಲಿ ಎಂಬ ಪ್ರತಿಷ್ಠಾನವೂ ರೂಪುಗೊಂಡಿದ್ದವು.

ಮುಂದೊಂದು ದಿನ ಸ್ವಂತದ್ದೇ ಬೇಕೆನಿಸಿದರೆ ಸೋಷಿಯಲ್.ಕೋಆಪ್ ಹೇಗೆ ನಡೆಯುತ್ತದೆಂದು ನೋಡಿ. 2017ರಿಂದ ಅದು ಸದಸ್ಯರದೇ ಸಹಕಾರಿ ಸಂಸ್ಥೆ. ಸದಸ್ಯರು ಶಕ್ತ್ಯಾನುಸಾರ ಚಂದಾ ಕೊಡುತ್ತಾರೆ, ಹಣದ ಲೆಕ್ಕ ಎಲ್ಲರಿಗೂ ಕಾಣುವಂತಿರುತ್ತದೆ, ಯಾವ ಸರ್ವರಿನ ಸಂಪರ್ಕ ಕಡಿಯಬೇಕು ಎಂಬಂಥ ಪ್ರಶ್ನೆಗಳನ್ನು ಸದಸ್ಯರು ಚರ್ಚಿಸಿ ಮತ ಹಾಕಿ ತೀರ್ಮಾನಿಸಬಲ್ಲರು. ನಿಧಾನದ ವ್ಯವಸ್ಥೆ ಅದು, ಆದರೆ ಹಾಲಿನ ಡೇರಿಯ ಸಂಘವನ್ನು ಊರೂರಿನಲ್ಲಿ ನಡೆಸಿಕೊಂಡು ಬಂದವರಿಗೆ ಈ ನಿಧಾನ ಹೊಸದಲ್ಲ. ನೀಲಿಬಾನು ಅವರು ಹೇಳಿದ ಮೆಟ್ಟಿಲಿನ ಮಾತನ್ನೂ ನಾನು ಒಪ್ಪುತ್ತೇನೆ: ಮೊದಲು ಮ್ಯೂನಿಕ್‌ಕನ್ನಡತಿ ಅವರಂತೆ ಇರುವ ಸರ್ವರಿನಲ್ಲೇ ಕನ್ನಡದ ದೂರುಗಳನ್ನು ನೋಡಲು ನಿಮ್ಮ ಬಳಗದ ಇಬ್ಬರು ಮುಂದೆ ಬಂದರೆ, ಸರ್ವರ್ ಕಟ್ಟುವ ಮೊದಲೇ ಆ ಕೆಲಸದ ತೂಕ ಗೊತ್ತಾಗುತ್ತದೆ.

ಮ್ಯೂನಿಕ್‌ಕನ್ನಡತಿ:

ನಮ್ಮಲ್ಲಿ ಇಬ್ಬರಿಗೆ ಜಾಗವಿದೆ. ವಾರಕ್ಕೆ ಎರಡು ಮೂರು ಗಂಟೆ ಕೊಡಬೇಕಾಗುತ್ತದೆ, ಮೊದಲ ತಿಂಗಳು ಯಾರೂ ಒಂಟಿಯಾಗಿ ತೀರ್ಮಾನ ಕೊಡುವಂತಿಲ್ಲ, ಮಕ್ಕಳಿಗೆ ಸಂಬಂಧಿಸಿದ ದೂರುಗಳನ್ನು ಹೊಸಬರಿಗೆ ತೋರಿಸುವುದಿಲ್ಲ. ನಿಯಮಗಳ ಪಟ್ಟಿಯಲ್ಲಿ ಜಾತಿಯ ಹೆಸರನ್ನು ಸೇರಿಸುವ ಪ್ರಸ್ತಾಪ ಈಗ ನಿರ್ವಾಹಕರ ಮುಂದಿದೆ. ಭಾರತದ ಸದಸ್ಯರಿಂದ ನಾಲ್ಕು ಸಾಲಿನ ವಿವರಣೆ ಕೇಳಿದ್ದಾರೆ. ಪಡಸಾಲೆ ಅವರು ಒಪ್ಪಿದರೆ ಅದರ ಕರಡನ್ನು ನಿಮ್ಮ ಬಳಗದವರೇ ಬರೆಯಲಿ.